ಹೆಬ್ಬಟ್ಟು ತಗೋವಲ್ದು: ಪುಣೆಯಲ್ಲಿ ಊರಿನ ರೇಷನ್ ಕಾರ್ಡ್, ಅನುಭವ ಇದ್ದವರು ಹೇಳಿ

ವಾಕಡ್‌ವಾಸಿ

ನಮಸ್ಕಾರ. ಉದ್ದ ಬರೀತೀನಿ, ಚಹಾ ಹಿಡ್ಕೊಂಡು ಕೂತ್ಕೊಳ್ಳಿ.

ನಮ್ಮ ಸೊಸೈಟಿ ಪಕ್ಕ ದೊಡ್ಡ ಕಟ್ಟಡ ಏಳ್ತಾ ಇದೆ. ಅದರ ಹಿಂದೆ ಪತ್ರಾ (ತಗಡು) ಶೆಡ್ಡುಗಳ ಸಾಲು. ಅಲ್ಲಿರೋರಲ್ಲಿ ಬಹಳಷ್ಟು ಜನ ನಮ್ಮವರೇ. ಇಂಡಿ, ಸಿಂದಗಿ, ಅಫಜಲಪುರ, ಯಾದಗಿರಿ. ಎರಡು ವರ್ಷದಿಂದ ಅದೇ ದಾರಿಯಲ್ಲಿ ಓಡಾಡ್ತಿದ್ರೂ ನಾನು ಯಾರನ್ನೂ ಮಾತಾಡಿಸಿರಲಿಲ್ಲ, ಅದನ್ನ ಒಪ್ಕೋತೀನಿ. ಹೋದ ತಿಂಗಳು ಗೇಟ್ ಹತ್ರ ನಿಂತು ಅವ್ವನ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ಒಬ್ರು ಅಜ್ಜ ಬಂದು ಮಾತು ಮುಗಿಯೋ ತನಕ ಕಾದು ಕೇಳಿದ್ರು, "ತಮ್ಮಾ, ನೀ ನಮ್ಮ ಕಡೆಯಾಂವ ಏನು?"

ಅವರಿಗೆ ಬೇಕಾಗಿದ್ದು ರೇಷನ್. ಕಾರ್ಡು ಊರಿಂದು, ಬಿಪಿಎಲ್. ಒಂದು ದೇಶ ಒಂದು ಕಾರ್ಡ್ ಅಂತ ಆದ ಮೇಲೆ ಎಲ್ಲಿ ಬೇಕಾದ್ರೂ ಸಿಗುತ್ತೆ ಅಂತ ಯಾರೋ ಹೇಳಿದ್ದಾರೆ. ಮರುದಿನ ಜೊತೆಗೆ ಹೋದೆ. ಅಂಗಡಿಯವ ಒಳ್ಳೆಯವನೇ, ಇಲ್ಲ ಅನ್ನಲಿಲ್ಲ. ಯಂತ್ರ ಮುಂದಿಟ್ಟ. ಅಜ್ಜ ಹೆಬ್ಬಟ್ಟು ಒತ್ತಿದ್ರು, ಕೆಂಪು ದೀಪ. ಧೋತರಕ್ಕೆ ಒರೆಸಿ ಒತ್ತಿದ್ರು, ಕೆಂಪು. ಆಮೇಲೆ ಬೆರಳನ್ನ ತಲೆಗೂದಲಲ್ಲಿ ಆಡಿಸಿ, ಎಣ್ಣೆ ಪಸೆ ಹತ್ತಿಸ್ಕೊಂಡು ಒತ್ತಿದ್ರು. ಈ ಉಪಾಯ ಅವರಿಗೆ ಮೊದಲೇ ಗೊತ್ತಿತ್ತು, ಅಂದ್ರೆ ಇದು ಮೊದಲ ಸಲ ಅಲ್ಲ. ಮತ್ತೆ ಕೆಂಪು. ಅಂಗಡಿಯವ ಒದ್ದೆ ಬಟ್ಟೆಯಿಂದ ಗಾಜು ಒರೆಸಿ ಹತ್ತೂ ಬೆರಳು ನೋಡಿದ. ನಾನು ಆ ಕೈ ಹಿಡಿದು ನೋಡಿದೆ. ಅಂಗೈ ತುಂಬ ಬಿರುಕು, ಬೆರಳ ತುದಿ ಮಾತ್ರ ಕಲ್ಲುಗುಂಡಿನ ಹಾಗೆ ನುಣ್ಣಗೆ. ನಲವತ್ತು ವರ್ಷ ಸಿಮೆಂಟು ಕಲಸಿದ ಕೈ, ಗೆರೆ ಎಲ್ಲಿಂದ ಬರಬೇಕು?

ಒಟಿಪಿ ನೋಡೋಣ ಅಂದ್ರೆ ಆಧಾರ್‌ಗೆ ಜೋಡಿಸಿದ ಸಿಮ್ ಸತ್ತು ನಾಲ್ಕು ವರ್ಷ. ಕಣ್ಣು ನೋಡೋ ಯಂತ್ರ ಆ ಅಂಗಡಿಯಲ್ಲಿ ಇಲ್ಲ. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಕೊಂಡು ವಾಪಸ್ ಬಂದ್ವಿ.

ಇನ್ನು ನನ್ನ ಮರ್ಯಾದೆ ಹೋದ ಕತೆ. ನಾನು ಮತ್ತೆ ಮೂರು ಜನ ಗೆಳೆಯರು ಎರಡು ವೀಕೆಂಡ್ ಕೂತು ವಾಟ್ಸಾಪ್‌ನಲ್ಲಿ ಉತ್ತರ ಕೊಡೋ ಒಂದು ಬಾಟ್ ಮಾಡಿದ್ವಿ. ರೇಷನ್, ಪಿಂಚಣಿ, ಲೇಬರ್ ಕಾರ್ಡ್, ಏನೇ ಕೇಳಿದ್ರೂ ಕನ್ನಡದಲ್ಲಿ ಹೇಳಬೇಕು. ಬರೆಯೋಕೆ ಬಾರದವರು ಮಾತಾಡಿ ಕಳಿಸ್ಲಿ ಅಂತ ಧ್ವನಿನೂ ಇಟ್ವಿ. ಅಜ್ಜನ ಹೆಂಡತಿ ಮೊದಲ ಸಂದೇಶ ಕಳಿಸಿದ್ರು: "ಹೆಬ್ಬಟ್ಟ ತಗೋವಲ್ದ್ರೀ." ಬಾಟ್ ಕೇಳಿಸ್ಕೊಂಡಿದ್ದು "ಹೆಬ್ಬೆಟ್ಟು ತಗೋಬಹುದು". ಉತ್ತರ: "ಧನ್ಯವಾದಗಳು! ನಿಮ್ಮ ಬೆರಳಚ್ಚು ಸ್ವೀಕೃತವಾಗಿದೆ."

ಶೆಡ್ಡಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆದ್ರೆ ರಾತ್ರಿ ನಿದ್ದೆ ಬರಲಿಲ್ಲ.

ಇಷ್ಟೇ ಪ್ರಶ್ನೆ: ಇಲ್ಲಿ ಊರಿನ ಕಾರ್ಡಿಗೆ ಯಾರಾದ್ರೂ ರೇಷನ್ ತಗೊಂಡಿದ್ದೀರಾ? ಹೇಗೆ? ರಾಜಕೀಯ ಬೇಡ ಅಂತ ಅಡ್ಮಿನ್ ಬೋರ್ಡು ಹಾಕಿದ್ದಾರೆ, ಗೊತ್ತು. ಅಕ್ಕಿ ವಿಷಯದಲ್ಲಿ ರಾಜಕೀಯ ತೆಗೆದ್ರೆ ಚೀಲ ಮಾತ್ರ ಉಳಿಯುತ್ತೆ.

ಹಿಂಜವಡಿ_ಟ್ರಾಫಿಕ್

ಗುರೂ, "ಸ್ವೀಕೃತವಾಗಿದೆ" ಓದಿ ಮೀಟಿಂಗ್‌ನಲ್ಲಿ ನಕ್ಕುಬಿಟ್ಟೆ, ಮ್ಯಾನೇಜರ್ ನೋಡಿದ್ರು. ತಪ್ಪು ನಿಂದಲ್ಲ. ಧ್ವನಿ ಗುರುತಿಸೋ ಮಾಡೆಲ್‌ಗಳು ಕೇಳಿರೋದು ಹೆಚ್ಚಾಗಿ ವಾರ್ತೆ ಓದೋರ ಕನ್ನಡ. ಕಲಬುರಗಿ, ವಿಜಯಪುರದ ಮಾತು ಒಂದಷ್ಟು ಗಂಟೆ ರೆಕಾರ್ಡ್ ಮಾಡಿ ತರಬೇತಿ ಕೊಟ್ರೆ ಸರಿ ಹೋಗುತ್ತೆ. ಒಂದು ತಿಂಗಳ ಕೆಲಸ. ನಾನು ಬರ್ತೀನಿ.

ಸೆಂಟ್ರಿಂಗ್_ಮೇಸ್ತ್ರಿ

ಅಣ್ಣಾರ, ತಿಂಗಳಾನಗಟ್ಲೆ ನಿಮ್ಮ ಮಶೀನಿಗೆ ನಮ್ಮ ಮಾತು ಕಲಸ್ತೀರಿ, ಚಲೋ ಆತು. ಅಲ್ಲೀತನಕ ಮುದಕಪ್ಪ ಏನ್ ತಿನ್ನಬೇಕು?

ನಂದು ಇಂಡಿ ತಾಲೂಕು. ಹದಿನೆಂಟು ವರ್ಷ ಆತು ಪುಣೆಕ್ಕ ಬಂದು. ಕೂಲಿ ಮಂದಿ ನಿಲ್ಲೋ ವಾರ್ಜೆ ಅಡ್ಡಾದಾಗ ನಿಂತು ನಿಂತು ಈಗ ಮೇಸ್ತ್ರಿ ಆಗೇನಿ. ಇಲ್ಲಿ ರೇಷನ್ ತಗೊಂಡೇವ್ರಿ, ಸಿಗ್ತದ. ಆದ್ರ ಗೋದಿ, ಅಕ್ಕಿ ಕೂಡೇ ಕೊಡ್ತಾರ. ಜ್ವಾಳ ಕೇಳಬ್ಯಾಡ್ರಿ. ಮತ್ತ ತಲಿಗೆ 5 ಕಿಲೋನೇ. ನಮ್ಮ ಸರಕಾರದ್ದು ಅನ್ನಭಾಗ್ಯದ ಹೆಚ್ಚಿಂದು ಇಲ್ಲಿ ಬರಂಗಿಲ್ಲ. ಅದು ಗಡಿ ದಾಟಂಗಿಲ್ಲ.

ಕಾತ್ರಜ್_ಕಾಕಾ

ಮೇಸ್ತ್ರಿ ಹೇಳಿದ್ದು ಸರಿ ಇದೆ. ಅದರ ಕಾರಣ ಬಿಡಿಸಿ ಹೇಳ್ತೇನೆ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಇದ್ದವನಿಗೆ ಈ ಚಟ ಹೋಗೋದಿಲ್ಲ.

ತಲೆಗೆ 5 ಕಿಲೋ ಕೇಂದ್ರದ ಆಹಾರ ಭದ್ರತಾ ಕಾಯ್ದೆಯದು, 2013ರ ಕಾಯ್ದೆ. ಅದು ಮಾತ್ರ ರಾಜ್ಯ ದಾಟಿ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರ-ಗುಜರಾತ್, ಆಂಧ್ರ-ತೆಲಂಗಾಣ ಅಂತ ಎರಡು ಜೋಡಿ ರಾಜ್ಯಗಳಲ್ಲಿ ಈ ವ್ಯವಸ್ಥೆ ಶುರುವಾಯಿತು. ಕರ್ನಾಟಕ 2020ರ ಜನವರಿಯಲ್ಲಿ ಸೇರಿತು, ಕೊನೆಗೆ 2022ರಲ್ಲಿ ಅಸ್ಸಾಂ. ರಾಜ್ಯ ತನ್ನ ಕೈಯಿಂದ ಸೇರಿಸಿ ಕೊಡುವ ಪಾಲು ಆ ರಾಜ್ಯದ ಅಂಗಡಿಯಲ್ಲೇ.

ಇದರಲ್ಲಿ ಒಂದು ತಮಾಷೆ ನೋಡಿ. 2023ರ ಜುಲೈನಿಂದ ಕರ್ನಾಟಕ ಹೆಚ್ಚುವರಿ ಅಕ್ಕಿ ಸಿಗದೆ ಕಿಲೋಗೆ 34 ರೂಪಾಯಿ ಲೆಕ್ಕ ಹಾಕಿ ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿತ್ತು. "ಅಕ್ಕಿ ಕೊಡ್ತೀವಿ ಅಂದವರು ದುಡ್ಡು ಕೊಡ್ತಾರೆ" ಅಂತ ಎಲ್ಲರೂ ಬೈದರು, ನಾನೂ ಬೈದೆ. ಆದರೆ ಖಾತೆಯ ದುಡ್ಡಿಗೆ ಪುಣೆ ಏನು, ಪಂಢರಪುರ ಏನು. 2025ರ ಫೆಬ್ರುವರಿಯಿಂದ ದುಡ್ಡಿನ ಬದಲು ಅಕ್ಕಿಯೇ ಅಂತಾಯಿತು. ಊರಲ್ಲಿ ಇದ್ದವರಿಗೆ ಹಬ್ಬ. ಪತ್ರಾ ಶೆಡ್ಡಿನಲ್ಲಿ ಇದ್ದವರಿಗೆ ಆ 170ಕ್ಕೂ ಎಳ್ಳುನೀರು. ಯಾರೂ ಬೇಕೆಂದು ಮಾಡಿದ್ದಲ್ಲ. ವಲಸೆ ಹೋದವನು ಲೆಕ್ಕದ ಪುಸ್ತಕದ ಯಾವ ಪುಟದಲ್ಲೂ ಇಲ್ಲ, ಅಷ್ಟೆ.

ಹಿಂಜವಡಿ_ಟ್ರಾಫಿಕ್

ಕಾಕಾ, ಬೇಜಾರು ಮಾಡ್ಕೋಬೇಡಿ. ಅಕ್ಕಿ ಫ್ರೀ, ಬಸ್ ಫ್ರೀ, ತಿಂಗಳಿಗೆ 2,000. ಇಲ್ಲಿ ನೋಡಿದ್ರೆ 2024ರ ಚುನಾವಣೆಗೆ ಮುಂಚೆ ಹೆಂಗಸರಿಗೆ ಲಾಡಕಿ ಬಹಿಣ್ ಅಂತ 1,500. ಪಕ್ಷ ಯಾವುದಾದ್ರೂ ಕತೆ ಒಂದೇ. ತೆರಿಗೆ ಕಟ್ಟೋರು ನಾವು.

ಬಿಳಿಕೋಟು

ಸರ್, ನಾನು ಕಲಬುರಗಿಯವಳು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ತೆರಿಗೆ ನಾನೂ ಕಟ್ತೀನಿ. ಅಫಜಲಪುರದ ಒಬ್ಬ ಹೆಣ್ಮಗಳು ನಮ್ಮ ವಾರ್ಡಿನಲ್ಲಿ ಇದ್ದಳು, ಗಂಡ ಗೌಂಡಿ. ಗೃಹಲಕ್ಷ್ಮಿ 2,000 ಅವಳ ಖಾತೆಗೆ ಬರ್ತಿತ್ತು. ಒಂದು ಮಧ್ಯಾಹ್ನ ಬಂದು, "ಸಿಸ್ಟರ್, ಒಂದು ತತ್ತಿ ತಗೊಂಡು ತಿನ್ಲೇನು, ಡಾಕ್ಟ್ರು ಬೈತಾರೇನು?" ಅಂತ ಕೇಳಿದಳು. ಅವಳಿಗೆ ಮೊಟ್ಟೆ ತಿನ್ನು ಅಂತ ಬರೆದುಕೊಟ್ಟಿದ್ದೇ ಡಾಕ್ಟರು. ಅವಳು ಕೇಳಿದ್ದು ಅದಕ್ಕಲ್ಲ. ತನ್ನ ದುಡ್ಡಿನಲ್ಲಿ ತನಗೋಸ್ಕರ ಏನಾದ್ರೂ ತಗೊಂಡು ಅಭ್ಯಾಸ ಇಲ್ಲ. ಅದಕ್ಕೆ ಫ್ರೀ ಅನ್ನೋ ಮಾತು ನಂಗೆ ಸರಿ ಅನ್ನಿಸಲ್ಲ. ಜಗಳಕ್ಕೆ ಹೇಳ್ತಿಲ್ಲ.

ಹಿಂಜವಡಿ_ಟ್ರಾಫಿಕ್

ಸರಿ ಅಕ್ಕ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೂ ದುಡ್ಡು ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆ ಹಾಗೇ ಇದೆ.

ಕಾತ್ರಜ್_ಕಾಕಾ

ಇರಲಿ, ಇರಬೇಕು. ಆ ಪ್ರಶ್ನೆ ಕೇಳುವವರು ಬೇಕು. ಆದರೆ ಎಲ್ಲಾ ಸಾಲಮನ್ನಾದ ಹೊತ್ತಿಗೂ ಅಷ್ಟೇ ಗಟ್ಟಿಯಾಗಿ ಕೇಳಬೇಕು, ದೊಡ್ಡವರದ್ದಕ್ಕೂ. ಬ್ಯಾಂಕಿನವನ ಮಾತು ಇದು, ಇಲ್ಲಿಗೆ ಬಿಡ್ತೇನೆ.

ಯಂತ್ರದ ವಿಷಯಕ್ಕೆ ಒಂದು. 1972ರ ಬರದಲ್ಲಿ ನಾನು ಹುಡುಗ. ನಮ್ಮ ಕಡೆಯಿಂದ ಜನ ರೈಲು ಹತ್ತಿ ಈ ಕಡೆ ಬಂದರು, ಕಲ್ಲು ಒಡೆದರು. ಆಗ ಹೆಬ್ಬಟ್ಟಿನ ಯಂತ್ರ ಇರಲಿಲ್ಲ, ಹೆಬ್ಬಟ್ಟಿನ ಸಹಿ ಇತ್ತು. ಯಾರ ಹೆಬ್ಬಟ್ಟು ಯಾರ ಹೆಸರಿನ ಮುಂದೆ ಅಂತ ಅಂಗಡಿಯವನೇ ನಿರ್ಧಾರ ಮಾಡುತ್ತಿದ್ದ. ಸತ್ತವರ ಹೆಸರಲ್ಲಿ ಸಕ್ಕರೆ ಹೋಗುತ್ತಿತ್ತು. ಆದ್ದರಿಂದ ಯಂತ್ರವನ್ನು ಬೈಯುವಾಗ ನನಗೆ ಪೂರ್ತಿ ಮನಸ್ಸು ಬರೋದಿಲ್ಲ. ಅದು ಕಳ್ಳನನ್ನು ತಡೆಯಿತು. ಅದರ ಜೊತೆಗೆ ಈ ಅಜ್ಜನನ್ನೂ ತಡೆಯಿತು, ಯಾಕೆಂದರೆ ಅದಕ್ಕೆ ಇಬ್ಬರ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿರುವ ಮನುಷ್ಯ ಪಕ್ಕದಲ್ಲೇ ಕೂತಿದ್ದಾನೆ, ಅವನ ಕೈಯಲ್ಲಿ ಅಧಿಕಾರ ಇಲ್ಲ.

ಫಿಲ್ಟರ್_ಕಾಫಿ_ಡೆಕ್ಕನ್

ನಾನು ಹೋಟೆಲಿನವ, ಕಾರ್ಕಳ. ಸಹಾಯದ ವಿಷಯಕ್ಕೆ ನನ್ನದೂ ಒಂದು ಮೂರ್ಖತನ ಉಂಟು, ಹೇಳ್ತೇನೆ.

ಒಂದು ಫಾರ್ವರ್ಡ್ ಬಂತು ಮಾರಾಯ್ರೆ. ಮಗುವಿನ ಫೋಟೋ, ಮೂಗಿಗೆ ನಳಿಗೆ, ಅರ್ಜೆಂಟ್ ಆಪರೇಷನ್, ಕೆಳಗೆ ಕ್ಯೂಆರ್. ರಾತ್ರಿ ಕ್ಯಾಶ್ ಎಣಿಸ್ತಾ ಇದ್ದೆ, ಮನಸ್ಸು ಕರಗಿ 5,000 ಕಳಿಸಿದೆ. ನಾಲ್ಕು ಗುಂಪಿಗೆ ಕಳಿಸಿಯೂ ಬಿಟ್ಟೆ. ಮರುದಿನ ನನ್ನ ಮಗಳು ನೋಡಿ, "ಅಪ್ಪ, ಈ ಫೋಟೋ ನಾನು ಪಿಯುಸಿಯಲ್ಲಿ ಇರುವಾಗಲೇ ನೋಡಿದ್ದೇನೆ" ಅಂದಳು. ಈಗ ಅವಳಿಗೆ ಮದುವೆ ಆಗಿದೆ! ಫೋಟೋದ ಮಗುವಿಗೆ ಮೀಸೆ ಬಂದಿರಬೇಕು. ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ದುಡ್ಡು ಹೋಯಿತು.

ದುಡ್ಡಿಗಿಂತ ಬೇಜಾರು ಯಾವುದು ಅಂದ್ರೆ, ಆಮೇಲೆ ನಿಜವಾದ್ದು ಬಂದರೂ ಕೈ ಹಿಂದೆ ಹೋಗುತ್ತದೆ. ವಾಟ್ಸಾಪ್‌ನವರು 2018ರಲ್ಲಿ ನಮ್ಮ ದೇಶಕ್ಕೆ ಐದು ಚಾಟ್‌ಗಿಂತ ಹೆಚ್ಚು ಒಟ್ಟಿಗೆ ಫಾರ್ವರ್ಡ್ ಆಗದ ಹಾಗೆ ಮಾಡಿದ್ದಲ್ವಾ, ಆಮೇಲೆ ತುಂಬ ಸುತ್ತಿದ್ದು ಒಂದೊಂದೇ ಚಾಟಿಗೆ. ಅಂಥದ್ದಕ್ಕೆ ಎರಡು ಬಾಣ ಮೇಲ್ಗಡೆ ಕಾಣ್ತದೆ. ಅದು ಕಂಡರೆ ಈಗ ನಾನು ಅಂಗಡಿ ಬಾಗಿಲು ಹಾಕಿದ ಹಾಗೆ ಮನಸ್ಸಿನ ಬಾಗಿಲು ಹಾಕ್ತೇನೆ.

ಈಗ ಮಾಡೋದು ಇಷ್ಟೆ. ರಾತ್ರಿ ಹತ್ತೂವರೆಗೆ ಹೋಟೆಲಿನ ಹಿಂದಿನ ಬಾಗಿಲಲ್ಲಿ ಯಾರು ಬಂದರೂ ಊಟ. ಹೆಸರು ಕೇಳೋದಿಲ್ಲ, ಫೋಟೋ ತೆಗೆಯೋದಿಲ್ಲ. ನನ್ನ ಕಣ್ಣೆದುರು ತಿಂತಾರೆ, ಅಷ್ಟು ಗ್ಯಾರಂಟಿ. ಆ ಅಜ್ಜನಿಗೆ ಅಕ್ಕಿ ಬೇಕಾದರೆ ಹೇಳಿ, ನಾಳೆಯೇ 10 ಕೆಜಿ ಕಳಿಸ್ತೇನೆ.

ವಾಕಡ್‌ವಾಸಿ

ಅಣ್ಣ, ಧನ್ಯವಾದ. ನಾನೂ ಅದನ್ನೇ ಹೇಳಿದೆ, ಅಂಗಡಿಯಿಂದ ಅಕ್ಕಿ ತಂದು ಕೊಡ್ತೀನಿ ಅಂತ. ಅಜ್ಜ ಒಪ್ಪಲಿಲ್ಲ. "ನನ್ನ ಪಾಲಿಂದು ಸಿಗಲಿ ತಮ್ಮಾ, ನಿಂದು ನಿನಗಿರಲಿ" ಅಂದ್ರು. ಮಾತು ಅಲ್ಲಿಗೆ ಮುಗೀತು.

ಸೆಂಟ್ರಿಂಗ್_ಮೇಸ್ತ್ರಿ

ಹಂಗ ಅನ್ನೋ ಮಂದಿನ ಅವರು. ಅವರಿಗೆ 60 ದಾಟೇದ, ಹಿಂಗಾಗಿ ಕಟ್ಟಡ ಕಾರ್ಮಿಕರ ಬೋರ್ಡಿನ ಕಾರ್ಡೂ ಇಲ್ಲ. ಅದಕ 18ರಿಂದ 60. ಮತ್ತ ವರ್ಷದಾಗ 90 ದಿನ ಕೆಲಸ ಮಾಡೇನಿ ಅಂತ ಸಹಿ ಬೇಕು. ಠೇಕೇದಾರ ಸಹಿ ಮಾಡಂಗಿಲ್ಲ, ಮಾಡಿದ್ರ ನಾಳೆ ತನ್ನ ಕೊಳ್ಳಿಗೆ ಬರ್ತದ ಅಂತ ಅಂಜಿಕಿ. ನನಗ ಸಹಿ ಹಾಕ್ಸಾಕ ಎಂಟು ತಿಂಗಳ ಹಿಡೀತು.

ಪಾಷಾಣ್_ಹುಡುಗಿ

ಕಾನೂನು ಓದ್ತಿದ್ದೀನಿ, ಹಾಗಾಗಿ ನಡುವೆ ಬಾಯಿ ಹಾಕ್ತೀನಿ. ಮೂಲ ತೊಂದರೆ ಮತ ಅಲ್ವಾ? ಇವರ ವೋಟು ಇಲ್ಲಿಲ್ಲ, ಹಾಗಾಗಿ ಇಲ್ಲಿನ ನಗರಸೇವಕನಿಗೆ (ಕಾರ್ಪೊರೇಟರ್) ಇವರು ಕಾಣಲ್ಲ. ಪುಣೆಯಲ್ಲಿ 2022ರ ಮಾರ್ಚ್‌ಗೆ ಪಾಲಿಕೆಯ ಅವಧಿ ಮುಗಿದು ವರ್ಷಗಟ್ಟಲೆ ನಗರಸೇವಕರೇ ಇರಲಿಲ್ಲ ಅನ್ನೋದು ಬೇರೆ ಮಾತು. ಆದರೆ 1950ರ ಜನತಾ ಪ್ರಾತಿನಿಧ್ಯ ಕಾಯ್ದೆ ಪ್ರಕಾರ ಎಲ್ಲಿ ಸಾಮಾನ್ಯವಾಗಿ ವಾಸ ಇರ್ತೀರೋ ಅಲ್ಲಿ ಹೆಸರು ಸೇರಿಸ್ಕೊಳ್ಳೋ ಹಕ್ಕಿದೆ. ಹದಿನೆಂಟು ವರ್ಷ ಇಲ್ಲಿದ್ದವರು ಯಾಕೆ ಸೇರಿಸ್ಕೊಳ್ಳಬಾರದು?

ಸೆಂಟ್ರಿಂಗ್_ಮೇಸ್ತ್ರಿ

ತಂಗೀ, ಛಂದ ಕೇಳಿದಿ. ಇಲ್ಲಿ ಸೇರಿಸಿದ್ರ ಊರಾಗ ತಗೀಬೇಕು. ಊರಾಗ ಹೆಸರು ತಗದ್ರ ನಾ ಊರಿನಾಂವ ಅಲ್ಲಂದಂಗ ಆತು. ಎರಡು ಎಕರೆ ಹೊಲ ಅದ, ಅಣ್ಣತಮ್ಮರ ಪಾಲಿನ ತಕರಾರ ಅದ, ಅವ್ವ ಅಲ್ಲೇ ಅದಾಳ. ಪಂಚಾಯತಿ ಇಲೆಕ್ಷನ್ ಬಂತಂದ್ರ ನಿಂತಾಂವ ಪುಣೆಕ್ಕ ಗಾಡಿ ಕಳಸ್ತಾನ. ಹೋಗಾಕ ಬರಾಕ ಖರ್ಚು, ದಾರ್ಯಾಗ ಊಟ. ಎಂಎಲ್‌ಎ ಇಲೆಕ್ಷನ್‌ಗೂ ಕಳಸ್ತಾರ, ಆದ್ರ ಪಂಚಾಯತಿದು ಬ್ಯಾರೇನ. ಒಂದು ಓಟಿನ ಮ್ಯಾಲೆ ಗೆದ್ದವರದಾರ ನಮ್ಮೂರಾಗ. ಅವತ್ತು ಒಂದಿನ ನಾ ದೊಡ್ಡ ಮನಷ್ಯಾ. ಇಲ್ಲಿ ಓಟ್ ಹಾಕಿದ್ರ ಯಾರ್ ಕೇಳ್ತಾರ ನನ್ನ?

ಪಾಷಾಣ್_ಹುಡುಗಿ

ಇದು ನಮ್ಮ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ ಅಣ್ಣ. ದೂರದಲ್ಲಿ ಕೂತು ಊರಿನ ಕ್ಷೇತ್ರಕ್ಕೆ ಮತ ಹಾಕೋ ಯಂತ್ರವನ್ನ ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದೆ ಇಟ್ಟಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರ. ವಿರೋಧ ಪಕ್ಷಗಳು ಒಪ್ಪಲಿಲ್ಲ, ಅವರ ಅನುಮಾನಕ್ಕೂ ಕಾರಣ ಇತ್ತು. ಬಂದಿದ್ರೆ ನೀವು ಊರಿಗೆ ಹೋಗಬೇಕಾಗಿರಲಿಲ್ಲ ಅಂತ ಅಂದುಕೊಂಡಿದ್ದೆ.

ಸೆಂಟ್ರಿಂಗ್_ಮೇಸ್ತ್ರಿ

ಹೋಗಬೇಕಾಗಿರಲಿಲ್ಲ ಖರೆ. ಆದ್ರ ಅವ್ವನ್ನ ನೋಡಾಕ ಗಾಡಿ ಯಾರ್ ಕಳಸ್ತಿದ್ರು? 😄

ಫಿಲ್ಟರ್_ಕಾಫಿ_ಡೆಕ್ಕನ್

ಗಾಡಿ ಅಂದ ಕೂಡಲೇ ನೆನಪಾಯಿತು. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಕಂಡಕ್ಟರ್ ಭಾಷೆ ಗಲಾಟೆಯಿಂದ ಎರಡೂ ಕಡೆ ಬಸ್ ನಿಂತಿತ್ತಲ್ವಾ, ನನ್ನ ಹೋಟೆಲಿನ ಹುಡುಗನ ಅಜ್ಜಿ ತೀರಿಕೊಂಡಿದ್ದರು. ಸ್ವಾರಗೇಟ್‌ನಲ್ಲಿ ನಿಂತು ಅಳ್ತಾ ಇದ್ದ. ಟಿವಿಯಲ್ಲಿ ಮಾತ್ರ ಎರಡೂ ಕಡೆಯವರಿಗೆ ಭಾಷೆಯ ಮೇಲೆ ಎಲ್ಲಿಲ್ಲದ ಪ್ರೀತಿ. ಕೊನೆಗೆ ಅವನನ್ನು ಮಿರಜ್‌ವರೆಗೆ ರೈಲಿಗೆ ಹತ್ತಿಸಿದ್ದು ನಮ್ಮ ಎದುರಿನ ವಡಾಪಾವ್ ಗಾಡಿಯ ಮರಾಠಿ ಮಾವ, ತನ್ನ ಸ್ಕೂಟರಿನಲ್ಲಿ ಸ್ಟೇಷನ್‌ಗೆ ಬಿಟ್ಟು ಬಂದರು.

ಬಿಳಿಕೋಟು

ವಿಷಯ ಬೇರೆ ಕಡೆ ಹೋಗೋ ಮುಂಚೆ ಒಂದು ಉಪಯೋಗದ ಮಾತು, ಯಾರಿಗಾದ್ರೂ ಬೇಕಾಗಬಹುದು.

ಮಹಾರಾಷ್ಟ್ರದಲ್ಲಿ ಟ್ರಸ್ಟ್ ಹೆಸರಲ್ಲಿ ನೋಂದಣಿ ಆಗಿರೋ ದೊಡ್ಡ ಆಸ್ಪತ್ರೆಗಳು 10 ಪ್ರತಿಶತ ಹಾಸಿಗೆ ತೀರಾ ಬಡವರಿಗೆ ಉಚಿತವಾಗಿ, ಇನ್ನು 10 ಪ್ರತಿಶತ ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಇಡಬೇಕು. ಬಾಂಬೆ ಹೈಕೋರ್ಟ್ 2006ರಲ್ಲಿ ಯೋಜನೆ ಮಾಡಿಕೊಟ್ಟಿದೆ. ಬಿಲ್ಲಿನ 2 ಪ್ರತಿಶತ ಬಡ ರೋಗಿಗಳ ನಿಧಿಗೆ ಹೋಗಬೇಕು. ಒಳಗೆ ಬರೋ ಬಡವರಿಗೆ ಇದು ಗೊತ್ತಿರಲ್ಲ, ರಿಸೆಪ್ಷನ್‌ನವರು ತಾವಾಗಿ ಹೇಳಲ್ಲ. "ಸಮಾಜಸೇವಕ ಎಲ್ಲಿ ಕೂಡ್ತಾರೆ?" ಅಂತ ಕೇಳಿ. ಡೆಪಾಸಿಟ್ ಕೌಂಟರಿಗೆ ಮೊದಲು ಹೋಗಬೇಡಿ.

ನಾನು ಹೇಳಿದ ಹೆಣ್ಮಗಳನ್ನ ನಮ್ಮಲ್ಲಿಗೆ ಬರೋ ಮುಂಚೆ ಒಂದು ಕಡೆ ಮೂರು ಸಲ ತಿರುಗಿಸಿದ್ರು. ಮೊದಲ ಸಲ ಆದಾಯ ಪ್ರಮಾಣಪತ್ರ ಬೇಕು ಅಂದ್ರು. ತಂದ್ರೆ ಕನ್ನಡದಲ್ಲಿದೆ ಅಂದ್ರು. ಕಂಪ್ಯೂಟರ್ ಪ್ರಿಂಟು, ಮೇಲೆ ತಹಶೀಲ್ದಾರರ ಡಿಜಿಟಲ್ ಸಹಿ, ಎಲ್ಲಾ ಇದೆ. ಆದ್ರೆ ಗುಮಾಸ್ತನಿಗೆ ಅದು ಜಿಲೇಬಿ. ಯಾರೋ ಫೋನಿನ ಕ್ಯಾಮೆರಾ ಹಿಡಿದು ಮರಾಠಿಗೆ ತಿರುಗಿಸಿ ತೋರಿಸಿದ್ರು. "ವಾರ್ಷಿಕ ಉತ್ಪನ್ನ" ಅಂತ ಬಂತು, ಪುಣ್ಯಕ್ಕೆ ಮರಾಠಿಯಲ್ಲಿ ಆದಾಯಕ್ಕೆ ಉತ್ಪನ್ನ ಅಂತಾನೇ ಅಂತಾರೆ! ಆದ್ರೂ ಅವನು ಫೋನ್ ನೋಡಿ ನಂಬಲಿಲ್ಲ. ಮೂರನೇ ಸಲ ನಾನು ರಜೆ ಹಾಕಿ ಯೂನಿಫಾರ್ಮಿನಲ್ಲೇ ಪಕ್ಕ ನಿಂತೆ. ಅದೇ ಕಾಗದ, ಅದೇ ಗುಮಾಸ್ತ. ಹತ್ತು ನಿಮಿಷದಲ್ಲಿ ಆಯ್ತು. ಬೇರೆ ಕಡೆಯ ನರ್ಸ್ ಅಂತ ಅವನು ಕೇಳಲೂ ಇಲ್ಲ. ಇದರಲ್ಲಿ ನನಗೆ ಹೆಮ್ಮೆ ಇಲ್ಲ, ನಾಚಿಕೆ ಆಯ್ತು.

ಹಿಂಜವಡಿ_ಟ್ರಾಫಿಕ್

ಅಕ್ಕ, ಹಾಗಾದ್ರೆ ಬಾಟ್ ಬಿಟ್ಟುಬಿಡಿ ಅಂತೀರಾ?

ಬಿಳಿಕೋಟು

ಇಲ್ಲ. ಯಾರ ಕೈಗೆ ಕೊಡ್ತೀರಿ ಅಂತ ನೋಡಿ. ಆ ಹೆಣ್ಮಗಳ ಕೈಗಲ್ಲ, ನನ್ನ ಕೈಗೆ ಕೊಡಿ. ಯಾವ ಯೋಜನೆಗೆ ಯಾವ ಕಾಗದ ಅಂತ ನಾನು ಕೇಳಿದ ತಕ್ಷಣ ಹೇಳಿದ್ರೆ ನಾಲ್ಕು ಜನಕ್ಕೆ ಹೆಚ್ಚು ಓಡಾಡ್ತೀನಿ. ನನಗೆ ಟೈಪ್ ಮಾಡೋಕೆ ಬರುತ್ತೆ, ನನ್ನ ಕನ್ನಡ ಅದಕ್ಕೆ ತಿಳಿಯೋ ಹಾಗೆ ಬರೀತೀನಿ. ಜೊತೆಗೆ ಹೋಗೋದು ನಂಗಿರ್ಲಿ.

ವಾಕಡ್‌ವಾಸಿ

ಇದನ್ನ ಮೂರೂ ಗೆಳೆಯರಿಗೆ ಓದಿ ಹೇಳಿದೆ. ಒಬ್ಬನಿಗೆ ಸಿಟ್ಟು ಬಂತು, ಧ್ವನಿಯ ಭಾಗ ಪೂರ್ತಿ ಅವನೇ ಬರೆದಿದ್ದ. ಆದ್ರೂ ತೆಗೀತಾ ಇದ್ದೀವಿ.

ಇನ್ನು ಅಜ್ಜನ ಸುದ್ದಿ. ಮೊನ್ನೆ ಮತ್ತೆ ಹೋದ್ವಿ, ಈ ಸಲ ಅಜ್ಜಿನೂ ಬಂದ್ರು, ಅವರ ಹೆಸರೂ ಕಾರ್ಡಿನಲ್ಲಿದೆ. ಅಜ್ಜಿಯ ಬೆರಳು ಮೂರನೇ ಸಲಕ್ಕೆ ಹಿಡೀತು! ಹಸಿರು ದೀಪ! ನಾನು ಚಪ್ಪಾಳೆ ತಟ್ಟೋದೊಂದು ಬಾಕಿ. ಅಂಗಡಿಯವ ಪರದೆ ನಮ್ಮ ಕಡೆ ತಿರುಗಿಸಿದ. ಬಾಕಿ: 0.

ಯಾಕೆ ಅಂತ ಅವನಿಗೂ ಗೊತ್ತಾಗಲಿಲ್ಲ. ತಂತ್ರಾಂಶದ ತಪ್ಪು ಅಂತ ನಾನು ಅಲ್ಲೇ ನಿಂತು ರೇಷನ್ ಸಹಾಯವಾಣಿ 14445ಕ್ಕೆ ಫೋನ್ ಮಾಡಿದೆ, ಲೈನ್ ಸಿಗಲಿಲ್ಲ.

ಸೆಂಟ್ರಿಂಗ್_ಮೇಸ್ತ್ರಿ

ತಪ್ಪಲ್ರೀ ಅದು. ಕಾರ್ಡಿನಾಗ ಎಷ್ಟು ಮಂದಿ? ಊರಾಗ ಯಾರದಾರ?

ವಾಕಡ್‌ವಾಸಿ

ಐದು ಜನ. ಮಗ, ಸೊಸೆ, ಮೊಮ್ಮಗ ಊರಲ್ಲಿ.

ಸೆಂಟ್ರಿಂಗ್_ಮೇಸ್ತ್ರಿ

ಆತು, ಸಿಕ್ತು ನೋಡ್ರಿ. ಮಗ ಅಲ್ಲಿ ಹೆಬ್ಬಟ್ಟ ಕೊಟ್ಟು ಐದೂ ಮಂದೀದು 25 ಕಿಲೋ ಎತ್ತ್ಯಾನ. ಅಂಗಡ್ಯಾಂವ ಕೇಳಂಗಿಲ್ಲ, ಒಮ್ಮೆಲೇ ಅಳದು ಕೊಡ್ತಾನ. ಇಲ್ಲಿ ಏನೂ ಉಳಿಯಂಗಿಲ್ಲ. ಮಗನಿಗೆ ಫೋನ್ ಹಚ್ಚಿ ಹೇಳ್ರಿ, ತಿಂಗಳ ಮೊದಲ ವಾರಕ್ಕ ತಮ್ಮ ಮೂರು ಮಂದೀದು 15 ಅಷ್ಟೇ ತಗೋ, 10 ಬಿಡು ಅಂತ. ಪಾಲು ಮಾಡಿ ತಗೋಳಾಕ ಬರ್ತದ. ನಮ್ಮದು ಹಂಗೇ ನಡದದ. ಆದ್ರ ನೀವ್ ಹೇಳಬ್ಯಾಡ್ರಿ, ಮುದಕಪ್ಪನ ಕಡಿಂದ ಹೇಳಸ್ರಿ. ಇಲ್ಲಂದ್ರ ಮಗ ಏನರೆ ತಿಳ್ಕೋತಾನ.

ಕಾತ್ರಜ್_ಕಾಕಾ

ಮೇಸ್ತ್ರಿ, ನೀವು ಬ್ಯಾಂಕಿನಲ್ಲಿ ಇರಬೇಕಿತ್ತು.

ಸೆಂಟ್ರಿಂಗ್_ಮೇಸ್ತ್ರಿ

ನಿಮ್ಮ ಬ್ಯಾಂಕಿನ್ಯಾಗ ಖಾತೆ ತಗಸಾಕ ಮೂರು ಸಲ ಬಂದಿದ್ದೆ ಕಾಕಾ 😄

ವಾಕಡ್‌ವಾಸಿ (ಮುಂದಿನ ತಿಂಗಳು)

ಸಿಕ್ತು. 10 ಕಿಲೋ, ಗೋಧಿ ಅಕ್ಕಿ ಕೂಡಿ. ಮಗನ ಜೊತೆ ಅಜ್ಜ ಮಾತಾಡಿದ್ದು ಮುಕ್ಕಾಲು ಗಂಟೆ. ರೇಷನ್ ವಿಷಯ ಎರಡು ನಿಮಿಷ, ಉಳಿದಿದ್ದೆಲ್ಲ ಎಮ್ಮೆ ಕರು ಹಾಕಿದ್ದು.

ಬೆರಳು ಈ ಸಲವೂ ಅಜ್ಜಿಯದೇ, ಮೊದಲ ಸಲಕ್ಕೇ ಹಿಡೀತು. ಹೇಗೆ ಅಂತ ಕೇಳಿದೆ. ಎರಡು ದಿನದಿಂದ ಸೊಸೈಟಿ ಮನೆಗಳ ಭಾಂಡೆ ತಿಕ್ಕೋ ಕೆಲಸಕ್ಕೆ ರಜೆ ಹಾಕಿದ್ರಂತೆ, ಬೆರಳಿನ ಗೆರೆ ಏಳಲಿ ಅಂತ. ಎರಡು ದಿನದ ಪಗಾರ ಕಟ್.